ದೇಹದ ಒಳಗನ್ನು ಕಾಣಿಸಿದ ವಿಜ್ಞಾನಿ ವಿಲ್ಹೆಲ್ಮ್ ರಾಂಟ್‌ಜನ್



ಹೊಟ್ಟೆನೋವಿನ ರೋಗಿಯನ್ನು ಕರೆದುಕೊಂಡು ಜವಳಗೇರಾದಿಂದ ಸಿಂಧನೂರಿಗೋ ರಾಯಚೂರಿಗೋ ಬಸ್ಸಿನಲ್ಲಿ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಾರೆ, ನಾಲಿಗೆ ನೋಡುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ, ಕೊನೆಗೆ ಚೀಟಿಯಲ್ಲಿ ಒಂದು ಪರೀಕ್ಷೆ ಬರೆದುಕೊಡುತ್ತಾರೆ. ಎಕ್ಸ್‌ರೇ, ಸ್ಕ್ಯಾನಿಂಗ್, ಸಿ.ಟಿ., ಎಂಡೋಸ್ಕೋಪಿ ಇವುಗಳಲ್ಲಿ ಯಾವುದೋ ಒಂದು. ಚೀಟಿ ಹಿಡಿದು ಹೊರಗೆ ಬಂದ ಮೇಲೆ ನಮ್ಮ ಜನರ ಬಾಯಲ್ಲಿ ಎರಡು ಮಾತು ಬರುತ್ತವೆ. ಗುಳಿಗೆ ಕೊಟ್ಟರೆ ಸಾಕಿತ್ತು, ಇದಕ್ಕೆಲ್ಲ ದುಡ್ಡು ಯಾಕೆ ಎಂಬುದು ಒಂದು. ಪರೀಕ್ಷೆ ಮಾಡಿಸಿದರೆ ಏನಾದರೂ ದೊಡ್ಡದು ಹೊರಬಿದ್ದೀತು ಎಂಬ ಹೆದರಿಕೆ ಇನ್ನೊಂದು.

1895ಕ್ಕಿಂತ ಮೊದಲು ಇಂಥ ಚೀಟಿ ಬರೆಯುವ ಸಾಧ್ಯತೆಯೇ ಹೆಚ್ಚುಕಡಿಮೆ ಇರಲಿಲ್ಲ. ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿಯಲು ಕೈಯಿಂದ ಒತ್ತಿ ಊಹಿಸಬೇಕಿತ್ತು, ಇಲ್ಲವೇ ಕೊಯ್ದು ನೋಡಬೇಕಿತ್ತು. 1868ರಲ್ಲಿ ಜರ್ಮನಿಯ ಕುಸ್ಮೌಲ್ ಎಂಬ ವೈದ್ಯರು ನೇರವಾದ ಕೊಳವೆಯೊಂದನ್ನು ಗಂಟಲಿನಿಂದ ಹೊಟ್ಟೆಯವರೆಗೆ ಇಳಿಸಿ ನೋಡುವ ಸಾಹಸ ಮಾಡಿದ್ದರು. ಆದರೆ ಅವರ ರೋಗಿ ಜಾತ್ರೆಯಲ್ಲಿ ಕತ್ತಿ ನುಂಗುವವರಂತೆ ಅದನ್ನೇ ವೃತ್ತಿ ಮಾಡಿಕೊಂಡವನು. ಸಾಮಾನ್ಯ ರೋಗಿಗೆ ಅದು ಆಗುವ ಮಾತಲ್ಲ. ದೇಹದ ಒಳಗನ್ನು ನೋವಿಲ್ಲದೆ ನೋಡುವ ಬಾಗಿಲನ್ನು ತೆರೆದವರು ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜನ್. ವಿದ್ಯಾರ್ಥಿಗಳೇ, ಈ ಮಹನೀಯರ ಬಳಿ ಶಾಲೆ ಮುಗಿಸಿದ ಪ್ರಮಾಣಪತ್ರವೇ ಇರಲಿಲ್ಲ ಎಂದರೆ ನೀವು ನಂಬುತ್ತೀರಾ?

ರಾಂಟ್‌ಜನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆ ತಯಾರಿಸಿ ಮಾರುತ್ತಿದ್ದರು. ತಾಯಿ ಹಾಲೆಂಡಿನವರು. ಒಬ್ಬನೇ ಮಗ. ಮಗನಿಗೆ ಮೂರು ವರ್ಷವಾದಾಗ ಕುಟುಂಬ ಹಾಲೆಂಡಿಗೆ ಹೋಗಿ ನೆಲೆಸಿತು. ಓದಿನಲ್ಲಿ ಹುಡುಗ ಅಂಥ ಜಾಣನೇನೂ ಅಲ್ಲ. ಕಾಡು ಸುತ್ತುವುದು, ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಇಷ್ಟ.

ಮುಂದೆ ಯುಟ್ರೆಕ್ಟ್ ಪಟ್ಟಣದ ತಾಂತ್ರಿಕ ಶಾಲೆಗೆ ಸೇರಿದರು. ಅಲ್ಲೊಂದು ದಿನ ತರಗತಿಯಲ್ಲಿ ಯಾರೋ ಒಬ್ಬ ಹುಡುಗ ಮೇಷ್ಟ್ರ ವ್ಯಂಗ್ಯಚಿತ್ರ ಬರೆದ. ಮೇಷ್ಟ್ರಿಗೆ ಸಿಟ್ಟು ಬಂತು. ಬರೆದವರು ಯಾರು ಎಂದು ರಾಂಟ್‌ಜನ್‌ರನ್ನು ಕೇಳಿದರು. ಅವರಿಗೆ ಗೊತ್ತಿತ್ತು, ಆದರೆ ಗೆಳೆಯನ ಹೆಸರು ಹೇಳಲಿಲ್ಲ. ಆ ತಪ್ಪಿಗೆ ಅವರನ್ನೇ ಶಾಲೆಯಿಂದ ಹೊರಗೆ ಹಾಕಲಾಯಿತು. ಆಮೇಲೆ ಖಾಸಗಿಯಾಗಿ ಪರೀಕ್ಷೆಗೆ ಕುಳಿತರು, ಅದರಲ್ಲಿಯೂ ಪಾಸಾಗಲಿಲ್ಲ. ಶಿಕ್ಷಕ ವೃತ್ತಿಯಲ್ಲಿರುವ ನನಗೆ ಅವರ ಇಡೀ ಜೀವನದಲ್ಲಿ ಹೆಚ್ಚು ಚುಚ್ಚುವ ಭಾಗ ಇದೇ. ಒಂದು ಗಳಿಗೆಯ ಸಿಟ್ಟಿನಲ್ಲಿ ಒಬ್ಬ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕುವುದು ಎಷ್ಟು ಸುಲಭ! ಹೊರಗೆ ಹೋದ ಹುಡುಗ ಎಷ್ಟು ವರ್ಷ ಅದನ್ನು ಹೊರಬೇಕಾಯಿತು ನೋಡಿ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಾಲಿಟೆಕ್ನಿಕ್ ಮಾತ್ರ ಆ ಪ್ರಮಾಣಪತ್ರವಿಲ್ಲದೆಯೂ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿತ್ತು. 1865ರಲ್ಲಿ ಅಲ್ಲಿ ಸೇರಿದರು. 1868ರಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆದರು, 1869ರಲ್ಲಿ ಡಾಕ್ಟರೇಟ್ ಪಡೆದರು. ಆಗಸ್ಟ್ ಕುಂಡ್ಟ್ ಎಂಬ ಭೌತಶಾಸ್ತ್ರದ ಗುರುಗಳು ಈ ಯುವಕನ ಕೈಚಳಕ ಗುರುತಿಸಿ ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ಗುರುಗಳ ಜೊತೆ 1870ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರೆ, ಅಲ್ಲಿ ಮತ್ತೆ ಅದೇ ಪ್ರಶ್ನೆ ಎದುರಾಯಿತು: ಶಾಲೆಯ ಪ್ರಮಾಣಪತ್ರ ಎಲ್ಲಿ? ಡಾಕ್ಟರೇಟ್ ಇದ್ದರೂ ಪಾಠ ಹೇಳುವ ಅರ್ಹತೆ ಕೊಡಲಿಲ್ಲ. ಗುರು ಶಿಷ್ಯರು ಸ್ಟ್ರಾಸ್‌ಬರ್ಗಿಗೆ ಹೋದರು. 1874ರಲ್ಲಿ ಅಲ್ಲಿ ಆ ಅರ್ಹತೆ ಸಿಕ್ಕಿತು. ಮುಂದೆ ಗೀಸನ್ ಪಟ್ಟಣದಲ್ಲಿ ಪ್ರಾಧ್ಯಾಪಕರಾದರು. 1888ರಲ್ಲಿ ಇದೇ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಬರುವಂತೆ ಆಹ್ವಾನಿಸಿತು. 1894ರಲ್ಲಿ ಅವರು ಅದರ ಮುಖ್ಯಸ್ಥರೇ ಆದರು.

1895ರ ನವೆಂಬರ್ 8, ಶುಕ್ರವಾರ ಸಂಜೆ. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸುವ ಪ್ರಯೋಗ ನಡೆದಿತ್ತು. ಕೊಳವೆಯಿಂದ ಬೆಳಕು ಹೊರಬಾರದಂತೆ ಕಪ್ಪು ರಟ್ಟು ಸುತ್ತಿ, ಕೋಣೆ ಕತ್ತಲು ಮಾಡಿದ್ದರು. ಆದರೂ ದೂರದಲ್ಲಿದ್ದ ಒಂದು ಪರದೆ ಮಿನುಗತೊಡಗಿತು. ಆ ಪರದೆಗೆ ಬೇರಿಯಂ ಪ್ಲಾಟಿನೋಸಯನೈಡ್ ಎಂಬ ಲವಣ ಹಚ್ಚಲಾಗಿತ್ತು. ಬೇರಿಯಂ ಎಂಬ ಹೆಸರನ್ನು ನೆನಪಿನಲ್ಲಿಡಿ, ಅದು ಮುಂದೆ ಮತ್ತೆ ಬರುತ್ತದೆ. ರಟ್ಟನ್ನು ದಾಟಿ ಬರುವ ಈ ಕಿರಣ ಯಾವುದು? ಯಾರಿಗೂ ಹೇಳದೆ ಏಳು ವಾರ ಪ್ರಯೋಗಾಲಯದಲ್ಲಿಯೇ ಊಟ ನಿದ್ದೆ ಎಲ್ಲ. ಪುಸ್ತಕ, ಮರದ ಹಲಗೆ, ಲೋಹದ ತಗಡು ಹೀಗೆ ಒಂದೊಂದನ್ನೇ ಅಡ್ಡ ಹಿಡಿದು ನೋಡಿದರು. ಸೀಸ ಮಾತ್ರ ಕಿರಣವನ್ನು ಚೆನ್ನಾಗಿ ತಡೆಯಿತು. ಡಿಸೆಂಬರ್ 22ರಂದು ಪತ್ನಿ ಬರ್ತಾ ಅವರ ಕೈಯ ಚಿತ್ರ ತೆಗೆದರು. ಎಲುಬುಗಳು ಮತ್ತು ಬೆರಳಿನ ಉಂಗುರ ಸ್ಪಷ್ಟವಾಗಿ ಮೂಡಿದವು. ಡಿಸೆಂಬರ್ 28ರಂದು ಲೇಖನ ಒಪ್ಪಿಸಿದರು. 1896ರ ಜನವರಿಯಲ್ಲಿ ಸುದ್ದಿ ಜಗತ್ತಿಗೆಲ್ಲ ಹರಡಿತು.

ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ಎಕ್ಸ್ ಎನ್ನುತ್ತೇವಲ್ಲ, ಹಾಗೆ ಗೊತ್ತಿಲ್ಲದ ಈ ಕಿರಣಕ್ಕೆ ಅವರು ಎಕ್ಸ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಕ್ಷ-ಕಿರಣ ಆಯಿತು, ಉರ್ದು ಪುಸ್ತಕಗಳಲ್ಲಿ ಲಾಶುಆಯೇಂ ಆಯಿತು. ಜರ್ಮನ್ನರು ಅದನ್ನು ರಾಂಟ್‌ಜನ್ ಕಿರಣ ಎಂದರೂ ಅವರು ಎಕ್ಸ್ ಎನ್ನುವುದನ್ನೇ ಇಷ್ಟಪಟ್ಟರು.

ಈಗ ಹೊಟ್ಟೆಯ ವಿಷಯಕ್ಕೆ ಬರೋಣ. ಎಲುಬಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದು ಕಿರಣವನ್ನು ತಡೆದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಜಠರ, ಕರುಳು ಎಲ್ಲ ಮೆತ್ತನೆಯ ಮಾಂಸ. ಅವು ಸುತ್ತಲಿನ ಮಾಂಸದಲ್ಲಿ ಬೆರೆತುಹೋಗಿ ಬೇರೆಯಾಗಿ ತೋರುವುದಿಲ್ಲ. ಇದಕ್ಕೊಂದು ಉಪಾಯ ತೋರಿಸಿದವರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಪ್ರಮುಖರು. 1896ರಲ್ಲಿ ಇನ್ನೂ ವೈದ್ಯಕೀಯ ಮೊದಲ ವರ್ಷದ ವಿದ್ಯಾರ್ಥಿ! ಬಿಸ್ಮತ್ ಎಂಬ ಭಾರವಾದ ಲೋಹದ ಲವಣವನ್ನು ಆಹಾರದಲ್ಲಿ ಕಲಸಿ ಹೆಬ್ಬಾತಿಗೆ ತಿನ್ನಿಸಿ, ಅದು ಉದ್ದನೆಯ ಕುತ್ತಿಗೆಯಲ್ಲಿ ಇಳಿಯುವುದನ್ನು ಎಕ್ಸ್‌ರೇಯಲ್ಲಿ ಕಂಡರು. ಬೆಕ್ಕಿನ ಹೊಟ್ಟೆ ಆಹಾರವನ್ನು ಹೇಗೆ ಕಡೆಯುತ್ತದೆ ಎಂಬುದನ್ನೂ ನೋಡಿದರು. ಬೆಕ್ಕು ಹೆದರಿದಾಗ ಅಥವಾ ಸಿಟ್ಟಾದಾಗ ಆ ಕಡೆಯುವಿಕೆ ನಿಂತೇಹೋಗುತ್ತಿತ್ತು.

1900ರಲ್ಲಿ ರಾಂಟ್‌ಜನ್ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಅದೇ ಊರಿನಲ್ಲಿ 1904ರಲ್ಲಿ ರೀಡರ್ ಎಂಬ ವೈದ್ಯರು ಗಂಜಿಯಲ್ಲಿ ಬಿಸ್ಮತ್ ಕಲಸಿ ರೋಗಿಗಳಿಗೆ ಕುಡಿಸಿ ಜಠರದ ಚಿತ್ರ ತೆಗೆಯುವ ಕ್ರಮವನ್ನು ರೂಢಿಗೆ ತಂದರು. ಆಗ ಬಳಸುತ್ತಿದ್ದ ಬಿಸ್ಮತ್ ಲವಣ ಕೆಲವರಿಗೆ ವಿಷವಾಯಿತು. 1910ರಲ್ಲಿ ಅದರ ಬದಲು ಬೇರಿಯಂ ಸಲ್ಫೇಟ್ ಬಂತು. ನೀರಿನಲ್ಲಿ ಕರಗುವ ಬೇರಿಯಂ ಲವಣಗಳು ವಿಷ. ಸಲ್ಫೇಟ್ ಕರಗುವುದಿಲ್ಲ, ರಕ್ತಕ್ಕೆ ಸೇರದೆ ಮಲದಲ್ಲಿ ಹೊರಗೆ ಹೋಗುತ್ತದೆ. ವುರ್ಟ್ಸ್‌ಬರ್ಗಿನ ಕತ್ತಲೆ ಕೋಣೆಯಲ್ಲಿ ಕಿರಣವನ್ನು ತೋರಿಸಿಕೊಟ್ಟ ಬೇರಿಯಂ ಈಗ ಹೊಟ್ಟೆಯೊಳಗಿನ ಹುಣ್ಣು, ಗಂಟುಗಳನ್ನು ತೋರಿಸತೊಡಗಿತು. ಬೇರಿಯಂ ಪರೀಕ್ಷೆ ಮಾಡಿಸಿಕೊಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಖಾಲಿ ಹೊಟ್ಟೆಯಲ್ಲಿ ಹೋಗುವುದು, ಸುಣ್ಣದ ನೀರಿನಂಥ ಬಿಳಿ ದ್ರವ ಕುಡಿಯುವುದು, ಮಲಗಿಸಿ ಹೊರಳಿಸಿ ಚಿತ್ರ ತೆಗೆಯುವುದು, ಆಮೇಲೆ ಒಂದೆರಡು ದಿನ ಮಲ ಬೆಳ್ಳಗೆ ಹೋಗುವುದು ಎಲ್ಲ ಹೇಳಿಯಾರು.

ಇಷ್ಟೆಲ್ಲ ಆದರೂ ರಾಂಟ್‌ಜನ್ ತಮ್ಮ ಶೋಧನೆಗೆ ಪೇಟೆಂಟ್ ಪಡೆಯಲಿಲ್ಲ. ಪಡೆದಿದ್ದರೆ ಜಗತ್ತಿನ ಪ್ರತಿ ಆಸ್ಪತ್ರೆಯಿಂದ ಅವರಿಗೆ ಹಣ ಬರುತ್ತಿತ್ತು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೆ ಬಂತು. ಆ ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೇ ಕೊಟ್ಟುಬಿಟ್ಟರು. ಹೌದು, ಪಾಠ ಹೇಳಲು ಬಿಡದಿದ್ದ ಅದೇ ವಿಶ್ವವಿದ್ಯಾಲಯಕ್ಕೆ! ಮನೆತನದ ಹೆಸರಿಗೆ ಸೇರಿಸಿಕೊಳ್ಳುವ ಗೌರವ ಪದವಿಯನ್ನೂ ಬೇಡವೆಂದರು. ದಂಪತಿಗೆ ಮಕ್ಕಳಿರಲಿಲ್ಲ. ಬರ್ತಾ ಅವರ ಸಹೋದರನ ಮಗಳನ್ನು ಆರು ವರ್ಷದವಳಿದ್ದಾಗ ತಂದು ಸಾಕಿದ್ದರು.

ಈ ಕಿರಣದಿಂದ ಅಪಾಯವೂ ಉಂಟೆಂದು ಮೊದಲಿಗೆ ಯಾರಿಗೂ ತಿಳಿದಿರಲಿಲ್ಲ. ಎಡಿಸನ್‌ರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಪದೇ ಪದೇ ಕಿರಣಕ್ಕೆ ಒಡ್ಡಿ, ಕೈಗಳನ್ನೂ ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಆದ್ದರಿಂದ ಇಂದು ಅಗತ್ಯವಿದ್ದಾಗ ಮಾತ್ರ ಎಕ್ಸ್‌ರೇ, ಸಿ.ಟಿ. ಮಾಡಿಸುತ್ತಾರೆ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಎಲ್ಲವನ್ನೂ ಸ್ಕ್ಯಾನಿಂಗ್ ಎಂದು ಕರೆಯುವ ರೂಢಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ಶಬ್ದದ ಅಲೆಗಳಿಂದ ನಡೆಯುತ್ತದೆ, ಅದರಲ್ಲಿ ಎಕ್ಸ್‌ರೇ ಇಲ್ಲ. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ರೋಗಿಗಳ ಮೇಲೆ ಆರಂಭವಾದ ಸಿ.ಟಿ. ಮಾತ್ರ ರಾಂಟ್‌ಜನ್‌ರ ಕಿರಣವನ್ನೇ ಸುತ್ತಲೂ ತಿರುಗಿಸಿ ಚಿತ್ರ ಕಟ್ಟುತ್ತದೆ.

ರಾಂಟ್‌ಜನ್‌ರ ಕೊನೆಯ ವರ್ಷಗಳು ಕಷ್ಟದವು. ಬಹುಕಾಲ ಕಾಯಿಲೆ ಅನುಭವಿಸಿದ ಬರ್ತಾ 1919ರಲ್ಲಿ ತೀರಿಕೊಂಡರು. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಹಣದ ಬೆಲೆ ಕುಸಿದು ಅವರ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ 77ನೆಯ ವಯಸ್ಸಿನಲ್ಲಿ ನಿಧನರಾದರು. ಕಾರಣ ಕರುಳಿನ ಕ್ಯಾನ್ಸರ್. ಅವರು ಕಿರಣದ ಜೊತೆ ಕೆಲಸ ಮಾಡಿದ್ದು ಸ್ವಲ್ಪ ಕಾಲ, ಅದೂ ಸೀಸದ ರಕ್ಷಣೆಯಲ್ಲಿ. ಹೀಗಾಗಿ ಕಾಯಿಲೆ ಕಿರಣದಿಂದ ಬಂದುದಲ್ಲ ಎಂದೇ ಬಲ್ಲವರ ಅಭಿಪ್ರಾಯ.

ಅದೇ 1923ರಲ್ಲಿ ಜರ್ಮನಿಯ ಫಿಷರ್ ಎಂಬ ವೈದ್ಯರು ಬೇರಿಯಂ ಜೊತೆಗೆ ಗಾಳಿಯನ್ನೂ ಗುದದ್ವಾರದಿಂದ ದೊಡ್ಡ ಕರುಳಿಗೆ ತುಂಬಿ, ಕರುಳಿನ ಒಳಗೋಡೆಯ ಸಣ್ಣ ಗಂಟುಗಳೂ ಕಾಣುವಂತೆ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದರು. 1954ರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ತಮ್ಮ ಗುರು ಹಾಪ್ಕಿನ್ಸ್ ಜೊತೆ ಲಂಡನ್ನಿನಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ತೋರಿಸಿದರು. 1957ರಲ್ಲಿ ಹಿರ್ಶೋವಿಟ್ಜ್ ಎಂಬ ವೈದ್ಯರು ಅಂಥ ಎಳೆಗಳ ಬಾಗುವ ಎಂಡೋಸ್ಕೋಪನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿದರು. 1969ರ ಹೊತ್ತಿಗೆ ದೊಡ್ಡ ಕರುಳಿನೊಳಗೆ ಕೊಳವೆ ಕಳಿಸಿ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟನ್ನು ಹೊಟ್ಟೆ ಕೊಯ್ಯದೆಯೇ ತೆಗೆಯುವುದು ಸಾಧ್ಯವಾಯಿತು. ರಾಂಟ್‌ಜನ್‌ರ ಕಾಯಿಲೆಯಂಥದ್ದನ್ನು ಬೇಗ ಕಂಡರೆ ಇಂದು ಗುಣಪಡಿಸಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿರುವುದು ಇವು ಕಂಡರೆ ಮೂಲವ್ಯಾಧಿ ಇರಬೇಕು ಎಂದು ನಾಟಿ ಔಷಧಿ ತಿಂದು ದಿನ ಕಳೆಯದೆ ಡಾಕ್ಟರಿಗೆ ತೋರಿಸಿ. ನಾಚಿಕೆಯಿಂದ ಮನೆಯ ಹೆಂಗಸರು ಹೇಳದೆ ಇದ್ದುಬಿಡುತ್ತಾರೆ, ಅವರನ್ನು ನೀವೇ ವಿಚಾರಿಸಿ.

ರಾಂಟ್‌ಜನ್‌ರ ಇಚ್ಛೆಯಂತೆ ಅವರ ಪತ್ರಗಳನ್ನೂ ಪ್ರಯೋಗದ ಟಿಪ್ಪಣಿಗಳನ್ನೂ ಸುಡಲಾಯಿತು. ಗೀಸನ್ ಪಟ್ಟಣದ ಹಳೆಯ ಸ್ಮಶಾನದಲ್ಲಿ ತಂದೆ, ತಾಯಿ, ಪತ್ನಿಯರ ಜೊತೆ ಅವರ ಸಮಾಧಿ ಇದೆ. ಆ ನವೆಂಬರ್ ಸಂಜೆ ಅವರು ಪುಸ್ತಕದಲ್ಲಿ ಏನು ಗುರುತು ಹಾಕಿಕೊಂಡರು ಎಂಬುದನ್ನು ಇನ್ನು ಯಾರೂ ಓದುವಂತಿಲ್ಲ.