ರೇಚಲ್ ಕಾರ್ಸನ್ (1907–1964): ಕರಾವಳಿಯ ವನ್ಯಜೀವಿ ನೆಲೆಗಳಿಗಾಗಿ ಬರೆದ ಸರ್ಕಾರಿ ನೌಕರರು

ರೇಚಲ್ ಲೂಯಿಸ್ ಕಾರ್ಸನ್ ಅವರ ಹೆಸರು ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥದ ಮೂಲಕ ಲೋಕಪ್ರಸಿದ್ಧವಾಗಿದೆ. 1962ರಲ್ಲಿ ಪ್ರಕಟವಾದ ಈ ಗ್ರಂಥವು ಡಿ.ಡಿ.ಟಿ. ಮುಂತಾದ ಕೀಟನಾಶಕಗಳ ದುಷ್ಪರಿಣಾಮಗಳನ್ನು ಜನರ ಗಮನಕ್ಕೆ ತಂದಿತು. ಆದರೆ ಅದಕ್ಕೂ ಮೊದಲು, 1936ರಿಂದ 1952ರವರೆಗೆ, ಅವರು ಅಮೆರಿಕ ಸಂಯುಕ್ತ ಸಂಸ್ಥಾನದ ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯಲ್ಲಿ ನೌಕರರಾಗಿದ್ದರು ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕರಾವಳಿಯ ಜೌಗುಭೂಮಿಗಳನ್ನು ಸರ್ಕಾರವು ಸಾರ್ವಜನಿಕ ಹಣದಿಂದ ಏಕೆ ಖರೀದಿಸಬೇಕು ಎಂಬುದನ್ನು ನಾಗರಿಕರಿಗೆ ವಿವರಿಸುವುದು ಅವರ ಕರ್ತವ್ಯಗಳಲ್ಲಿ ಒಂದಾಗಿತ್ತು.

ಕಾರ್ಸನ್ ಅವರು 1907ರ ಮೇ 27ರಂದು ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬಲ್ಲಿ ಜನಿಸಿದರು. ಸಮುದ್ರವು ಅಲ್ಲಿಂದ ಬಹುದೂರದಲ್ಲಿದೆ. ಬಾಲ್ಯದಲ್ಲಿಯೇ ಅವರ ಕಥೆಗಳು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗಕ್ಕೆಂದು ಸೇರಿದ ಅವರು ನಂತರ ಜೀವಶಾಸ್ತ್ರಕ್ಕೆ ಬದಲಾಯಿಸಿಕೊಂಡು 1929ರಲ್ಲಿ ಪದವಿ ಪಡೆದರು. ಅದೇ ವರ್ಷದ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವುಡ್ಸ್ ಹೋಲ್ ಸಾಗರ ಪ್ರಯೋಗಾಲಯಕ್ಕೆ ತೆರಳಿದಾಗ ಅವರಿಗೆ ಮೊದಲ ಬಾರಿಗೆ ಸಮುದ್ರದ ದರ್ಶನವಾಯಿತು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ದೊರೆಯಿತು. ಸಂಶೋಧನೆಯನ್ನು ಮುಂದುವರಿಸಲು ಮನೆಯ ಪರಿಸ್ಥಿತಿ ಅವಕಾಶ ನೀಡಲಿಲ್ಲ. 1935ರಲ್ಲಿ ತಂದೆ ನಿಧನರಾದರು. ಎರಡು ವರ್ಷಗಳ ತರುವಾಯ ಅಕ್ಕ ಮರಿಯನ್ ತೀರಿಕೊಂಡಾಗ, ಆಕೆಯ ಇಬ್ಬರು ಹೆಣ್ಣುಮಕ್ಕಳ ಪಾಲನೆಯೂ ಕಾರ್ಸನ್ ಅವರ ಮತ್ತು ಅವರ ತಾಯಿಯ ಪಾಲಿಗೆ ಬಂದಿತು.

ಕುಟುಂಬದ ನಿರ್ವಹಣೆಗಾಗಿ ಅವರು ಮೀನುಗಾರಿಕೆ ಬ್ಯೂರೋದಲ್ಲಿ ತಾತ್ಕಾಲಿಕವಾಗಿ ರೇಡಿಯೋ ಕಾರ್ಯಕ್ರಮಗಳನ್ನು ಬರೆಯಲು ಒಪ್ಪಿಕೊಂಡರು. ಜಲಚರಗಳನ್ನು ಕುರಿತು ಏಳು ನಿಮಿಷಗಳ 52 ಕಂತುಗಳನ್ನು ಬರೆಯಬೇಕಾಗಿತ್ತು. ಈ ನಡುವೆ ಸರ್ಕಾರಿ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತು ಇತರ ಎಲ್ಲ ಅಭ್ಯರ್ಥಿಗಳಿಗಿಂತ ಹೆಚ್ಚು ಅಂಕ ಗಳಿಸಿ, 1936ರಲ್ಲಿ ಕಿರಿಯ ಜಲಜೀವಿ ವಿಜ್ಞಾನಿಯಾಗಿ ನೇಮಕಗೊಂಡರು. ಬ್ಯೂರೋದಲ್ಲಿ ಪೂರ್ಣಾವಧಿ ವೃತ್ತಿಪರ ಹುದ್ದೆ ಪಡೆದ ಮಹಿಳೆಯರಲ್ಲಿ ಅವರು ಎರಡನೆಯವರು. ಇಲಾಖೆಯ ಕಿರುಹೊತ್ತಿಗೆಗಾಗಿ ಅವರು ಬರೆದುಕೊಟ್ಟ ಒಂದು ಪ್ರಸ್ತಾವನೆಯನ್ನು ಮೇಲಧಿಕಾರಿ ಎಲ್ಮರ್ ಹಿಗಿನ್ಸ್ ಅವರು ಓದಿ, ಅದು ಕಿರುಹೊತ್ತಿಗೆಯ ಮಟ್ಟವನ್ನು ಮೀರಿದೆಯೆಂದೂ ಸಾಹಿತ್ಯ ಪತ್ರಿಕೆಗೆ ಕಳುಹಿಸಬೇಕೆಂದೂ ಸಲಹೆ ನೀಡಿದರು. ಅದು 1937ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಧೀನ ನೌಕರರ ಬರವಣಿಗೆಯನ್ನು ಕಡತದಲ್ಲಿಯೇ ಮುಗಿಸಿಬಿಡದ ಅಧಿಕಾರಿಗಳು ಎಲ್ಲ ಕಾಲದಲ್ಲೂ ವಿರಳವೇ.

1940ರಲ್ಲಿ ಮೀನುಗಾರಿಕೆ ಬ್ಯೂರೋ ಮತ್ತು ಜೈವಿಕ ಸಮೀಕ್ಷೆ ಬ್ಯೂರೋಗಳನ್ನು ವಿಲೀನಗೊಳಿಸಿ ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯನ್ನು ರಚಿಸಲಾಯಿತು. ದೇಶದ ವನ್ಯಜೀವಿ ಧಾಮಗಳ ಆಡಳಿತವು ಈ ಇಲಾಖೆಗೆ ಸೇರಿತು. ಈ ಧಾಮಗಳಿಗೆ ಹಣ ಒದಗುತ್ತಿದ್ದ ವಿಧಾನವು ಗಮನಾರ್ಹವಾಗಿದೆ. 1934ರ ಒಂದು ಕಾಯ್ದೆಯ ಪ್ರಕಾರ, ಬಾತುಕೋಳಿ ಮೊದಲಾದ ವಲಸೆ ಜಲಪಕ್ಷಿಗಳನ್ನು ಬೇಟೆಯಾಡುವವರು ಪ್ರತಿ ವರ್ಷ ಒಂದು ಸ್ಟಾಂಪನ್ನು ಖರೀದಿಸತಕ್ಕದ್ದು. ಇದಕ್ಕೆ ಜನರು ಬಾತುಕೋಳಿ ಸ್ಟಾಂಪು ಎಂದು ಹೆಸರಿಟ್ಟರು. ಆರಂಭದಲ್ಲಿ ಇದರ ಬೆಲೆ 1 ಡಾಲರ್ ಇತ್ತು; 2015ರಲ್ಲಿ 25 ಡಾಲರ್‌ಗೆ ಏರಿಸಲಾಯಿತು. ಬೇಟೆಗಾರರಲ್ಲದವರೂ ಸಂರಕ್ಷಣೆಗೆ ನೆರವಾಗಲು ಇದನ್ನು ಕೊಳ್ಳಬಹುದು. ಹೀಗೆ ಬಂದ ಹಣವು ವಲಸೆ ಪಕ್ಷಿ ಸಂರಕ್ಷಣೆಯ ಪ್ರತ್ಯೇಕ ನಿಧಿಗೆ ಜಮಾ ಆಗುತ್ತದೆ. ಬೇರೆ ಲೆಕ್ಕಶೀರ್ಷಿಕೆಗಳ ವೆಚ್ಚಕ್ಕೆ ಹರಿದುಹೋಗುವುದಿಲ್ಲ.

ಹಣವಿದ್ದ ಮಾತ್ರಕ್ಕೆ ಕೆಲಸ ಸುಗಮವಾಗಲಿಲ್ಲ. ಜೌಗು ಎಂದರೆ ಸೊಳ್ಳೆ ಹುಟ್ಟುವ ನಿರುಪಯುಕ್ತ ನೆಲ ಎಂಬ ಭಾವನೆ ಜನರಲ್ಲಿ ಬೇರೂರಿತ್ತು. ಮ್ಯಾಸಚೂಸೆಟ್ಸ್ ಕರಾವಳಿಯ ಪಾರ್ಕರ್ ನದಿ ಧಾಮಕ್ಕೆ ಸ್ಥಳೀಯರಿಂದ ತೀವ್ರ ವಿರೋಧ ವ್ಯಕ್ತವಾಗಿತ್ತು. ಇಂತಹ ಸಂದರ್ಭದಲ್ಲಿ, 1947ರಿಂದ, ಇಲಾಖೆಯು ಧಾಮಗಳನ್ನು ಕುರಿತ ಸಚಿತ್ರ ಕಿರುಹೊತ್ತಿಗೆಗಳ ಮಾಲೆಯನ್ನು ಪ್ರಕಟಿಸಿತು. ಕಾರ್ಸನ್ ಅವರು ಅದರ ಸಂಪಾದಕರಾಗಿದ್ದುದಲ್ಲದೆ ಶಿಂಕೊಟೀಗ್, ಪಾರ್ಕರ್ ನದಿ ಮತ್ತು ಮ್ಯಾಟಮಸ್ಕೀಟ್ ಧಾಮಗಳ ಹೊತ್ತಿಗೆಗಳನ್ನು ಸ್ವತಃ ಬರೆದರು. ಅದಕ್ಕಾಗಿ ಚಿತ್ರಕಾರರೊಂದಿಗೆ ಆ ಸ್ಥಳಗಳಿಗೆ ಹೋಗಿ ನೋಡಿ ಬಂದರು. ಸರ್ಕಾರಿ ಹೊತ್ತಿಗೆಗಳನ್ನು ಓದದೆ ಬದಿಗಿಡುವುದು ಯಾವ ದೇಶದಲ್ಲಿಯೂ ಹೊಸದಲ್ಲ. ಇವು ಅದಕ್ಕೆ ಅಪವಾದವಾಗಿ ಇಂದಿಗೂ ಓದಲ್ಪಡುತ್ತಿವೆ. ಉತ್ತರದ ಶೀತಪ್ರದೇಶದಿಂದ ದಕ್ಷಿಣಕ್ಕೆ ಹಾರುವ ಪಕ್ಷಿಗಳಿಗೆ ದಾರಿಯುದ್ದಕ್ಕೂ ತಂಗುದಾಣಗಳು ಬೇಕು. ಒಂದು ಜೌಗು ಬತ್ತಿದರೆ ಆ ಸರಪಳಿಯ ಒಂದು ಕೊಂಡಿ ಕಳಚಿದಂತೆ ಎಂಬ ವಿಚಾರವನ್ನು ಅವರು ಸಾಮಾನ್ಯ ಓದುಗರಿಗೆ ಮನವರಿಕೆಯಾಗುವಂತೆ ನಿರೂಪಿಸಿದರು.

ಇವುಗಳಲ್ಲಿ ಮ್ಯಾಟಮಸ್ಕೀಟ್‌ನ ವೃತ್ತಾಂತವು ಲೆಕ್ಕಪತ್ರ ಬಲ್ಲವರಿಗೆ ವಿಶೇಷವಾಗಿ ಮನನೀಯ. ಉತ್ತರ ಕ್ಯಾರೊಲೈನಾದ ಕರಾವಳಿಯಲ್ಲಿರುವ ಈ ಸರೋವರದ ವಿಸ್ತೀರ್ಣ ಸುಮಾರು 40,000 ಎಕರೆ. ತಳವು ಸಮುದ್ರಮಟ್ಟಕ್ಕಿಂತ ಕೆಳಗಿದೆ. 1910ರ ದಶಕದಲ್ಲಿ ಬೃಹತ್ ಪಂಪುಗಳನ್ನು ಸ್ಥಾಪಿಸಿ, ನೀರನ್ನು ಕಾಲುವೆಗಳ ಮೂಲಕ ಹೊರಹಾಕಿ, ಸರೋವರದ ತಳದಲ್ಲಿ ಬೇಸಾಯ ಕೈಗೊಳ್ಳಲಾಯಿತು. ಭೂಮಿ ಫಲವತ್ತಾಗಿತ್ತು, ಬೆಳೆಯೂ ಬಂದಿತು. ಆದರೆ ಪಂಪುಗಳನ್ನು ನಿಲ್ಲಿಸುವಂತಿರಲಿಲ್ಲ. ಅದರ ವೆಚ್ಚವನ್ನು ಬೆಳೆಯ ಆದಾಯ ಭರಿಸಲಿಲ್ಲ. ಒಂದರ ನಂತರ ಒಂದರಂತೆ ಮೂರು ಕಂಪನಿಗಳು ಪ್ರಯತ್ನಿಸಿ ಸೋತವು. 1932ರಲ್ಲಿ ಯೋಜನೆಯನ್ನು ಕೈಬಿಡಲಾಯಿತು, ಸರೋವರವು ಮತ್ತೆ ತುಂಬಿಕೊಂಡಿತು. 1934ರಲ್ಲಿ ಸರ್ಕಾರವು ಅದನ್ನು ಖರೀದಿಸಿ ಪಕ್ಷಿಧಾಮವೆಂದು ಘೋಷಿಸಿತು. ಪಂಪುಮನೆಯನ್ನು ವಸತಿಗೃಹವನ್ನಾಗಿ, ಅದರ ಹೊಗೆಗೊಳವೆಯನ್ನು ವೀಕ್ಷಣಾ ಗೋಪುರವನ್ನಾಗಿ ಪರಿವರ್ತಿಸಲಾಯಿತು. ಚಳಿಗಾಲದಲ್ಲಿ ಹಂಸಗಳೂ ಹೆಬ್ಬಾತುಗಳೂ ಬಹುಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತವೆ.

1949ರಲ್ಲಿ ಕಾರ್ಸನ್ ಅವರು ಇಲಾಖೆಯ ಪ್ರಕಟಣೆಗಳ ಪ್ರಧಾನ ಸಂಪಾದಕರಾದರು. ಕಚೇರಿಯ ವೇಳೆ ಮುಗಿದ ಮೇಲೆ ರಾತ್ರಿ ಕುಳಿತು ಬರೆದ ‘ದ ಸೀ ಅರೌಂಡ್ ಅಸ್’ ಗ್ರಂಥವು 1951ರಲ್ಲಿ ಹೊರಬಂದು ಅಪಾರ ಜನಪ್ರಿಯತೆ ಗಳಿಸಿತು. ಅದರ ಆದಾಯದ ಭರವಸೆಯಿಂದ 1952ರಲ್ಲಿ ಹುದ್ದೆಗೆ ರಾಜೀನಾಮೆ ನೀಡಿದರು. ಮರುವರ್ಷ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಬರ್ಟ್ ಡೇ ಅವರನ್ನು ಹುದ್ದೆಯಿಂದ ತೆಗೆದಾಗ, ಅನುಭವಿ ವೃತ್ತಿಪರರನ್ನು ರಾಜಕೀಯ ಕಾರಣಗಳಿಗಾಗಿ ಬದಲಿಸುವುದನ್ನು ಖಂಡಿಸಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಗೆ ಪತ್ರ ಬರೆದರು.

ಮೇನ್ ರಾಜ್ಯದ ಸೌತ್‌ಪೋರ್ಟ್ ದ್ವೀಪದಲ್ಲಿ ಅವರು 1953ರಲ್ಲಿ ಕಡಲಂಚಿನ ಮನೆಯೊಂದನ್ನು ಕಟ್ಟಿಸಿಕೊಂಡಿದ್ದರು. ಸಮೀಪದ ಕಾಡೊಂದನ್ನು ಖರೀದಿಸಿ ಶಾಶ್ವತವಾಗಿ ಉಳಿಸಬೇಕೆಂದು ಅವರೂ ಗೆಳತಿ ಡೊರೊತಿ ಫ್ರೀಮನ್ ಅವರೂ ಆಶಿಸಿದ್ದರು. ಆ ಪ್ರಯತ್ನ ಕೈಗೂಡಲಿಲ್ಲ. ಜಗತ್ಪ್ರಸಿದ್ಧ ಲೇಖಕಿಗೂ ಸ್ವಂತ ಬಲದಿಂದ ಸಣ್ಣದೊಂದು ಕಾಡನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1957ರಲ್ಲಿ ಅಕ್ಕನ ಮಗಳು ತೀರಿಕೊಂಡಾಗ ಆಕೆಯ ಐದು ವರ್ಷದ ಮಗನನ್ನು ದತ್ತು ಪಡೆದರು. ಕ್ಯಾನ್ಸರ್ ಕಾಯಿಲೆಯ ನಡುವೆಯೇ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಮುಗಿಸಿ, 1963ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ನೀಡಿ, 1964ರ ಏಪ್ರಿಲ್ 14ರಂದು ತಮ್ಮ 56ನೇ ವಯಸ್ಸಿನಲ್ಲಿ ನಿಧನರಾದರು. ಉಯಿಲಿನಲ್ಲಿ ನಿಸರ್ಗ ಸಂರಕ್ಷಣಾ ಸಂಸ್ಥೆಗಳಿಗೆ ಆಸ್ತಿಯ ಭಾಗವನ್ನು ಬಿಟ್ಟಿದ್ದರು. 1972ರಲ್ಲಿ ಅಮೆರಿಕದಲ್ಲಿ ಡಿ.ಡಿ.ಟಿ. ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ಡಿ.ಡಿ.ಟಿ.ಯಿಂದ ಮೊಟ್ಟೆಯ ಕವಚ ತೆಳುವಾಗಿ ಕ್ಷೀಣಿಸಿದ್ದ ಕಂದು ಹೆಜ್ಜಾರ್ಲೆ ಹಕ್ಕಿಗಳು ಚೇತರಿಸಿಕೊಂಡು, 2009ರ ವೇಳೆಗೆ ಆ ದೇಶದ ಅಳಿವಿನಂಚಿನ ಪಟ್ಟಿಯಿಂದ ಸಂಪೂರ್ಣವಾಗಿ ಹೊರಬಂದವು.

ಅವರು ನಿಧನರಾದ ಎರಡು ವರ್ಷಗಳ ನಂತರ, 1966ರಲ್ಲಿ, ಮೇನ್ ರಾಜ್ಯದ ಸಹಕಾರದೊಂದಿಗೆ ಕೇಂದ್ರ ಸರ್ಕಾರವು ಅಲ್ಲಿನ ದಕ್ಷಿಣ ಕರಾವಳಿಯ ಉಪ್ಪುಜೌಗುಗಳನ್ನು ರಕ್ಷಿಸಲು ಧಾಮವೊಂದನ್ನು ಸ್ಥಾಪಿಸಿತು. 1969ರಲ್ಲಿ ಅದಕ್ಕೆ ರೇಚಲ್ ಕಾರ್ಸನ್ ರಾಷ್ಟ್ರೀಯ ವನ್ಯಜೀವಿ ಧಾಮ ಎಂದು ನಾಮಕರಣ ಮಾಡಲಾಯಿತು. ಇದು ಸುಮಾರು 50 ಮೈಲಿ ಕರಾವಳಿಯುದ್ದಕ್ಕೂ ಬಿಡಿಬಿಡಿಯಾಗಿ ಹರಡಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಗಜನಿ ಭೂಮಿಯನ್ನು ನೋಡಿದವರಿಗೆ ಇಂತಹ ನೆಲದ ಕಲ್ಪನೆ ಸುಲಭವಾಗಿ ಬರುತ್ತದೆ. ಉಬ್ಬರದ ನೀರು ದಿನಕ್ಕೆರಡು ಬಾರಿ ಒಳಬಂದು ಹೊರಹೋಗುತ್ತದೆ. ಕಾಂಡ್ಲಾ ಗಿಡಗಳ ಬದಲು ಅಲ್ಲಿ ಉಪ್ಪು ಸಹಿಸುವ ಹುಲ್ಲು ಬೆಳೆಯುತ್ತದೆ.

ಇಂತಹ ಜೌಗುಗಳಿಗೆ ಸರ್ಕಾರದಿಂದಲೂ ಹಾನಿಯಾಗಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. 1930ರ ದಶಕದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಪರಿಹಾರ ಯೋಜನೆಗಳಡಿ, ಸೊಳ್ಳೆ ನಿಯಂತ್ರಣದ ಹೆಸರಿನಲ್ಲಿ ಅಟ್ಲಾಂಟಿಕ್ ಕರಾವಳಿಯ ಬಹುಪಾಲು ಜೌಗುಗಳಲ್ಲಿ ನೇರ ಚರಂಡಿಗಳನ್ನು ತೋಡಲಾಗಿತ್ತು. ಇವು ನೀರಿನ ಸಹಜ ಹರಿವನ್ನು ಕೆಡಿಸಿದವು. ಈಗ ಅವುಗಳನ್ನು ಸರಿಪಡಿಸುವುದಕ್ಕೂ ಸಾರ್ವಜನಿಕ ಹಣವೇ ಬೇಕಾಗಿದೆ. 1990ರ ಕಾಯ್ದೆಯೊಂದರ ಮೂಲಕ ಕರಾವಳಿ ಜೌಗುಗಳ ಖರೀದಿ ಮತ್ತು ಪುನಶ್ಚೇತನಕ್ಕಾಗಿ ಅನುದಾನ ಯೋಜನೆ ಜಾರಿಗೆ ಬಂದಿತು. ಇದಕ್ಕೆ ಅರ್ಜಿ ಸಲ್ಲಿಸುವವರು ಖಾಸಗಿ ವ್ಯಕ್ತಿಗಳಲ್ಲ, ಕರಾವಳಿ ರಾಜ್ಯಗಳ ಸರ್ಕಾರಿ ಸಂಸ್ಥೆಗಳು. ವೆಚ್ಚದ ಅರ್ಧಭಾಗವನ್ನು ಕೇಂದ್ರವು ಭರಿಸುತ್ತದೆ. ರಾಜ್ಯವು ಇದೇ ಉದ್ದೇಶಕ್ಕೆ ಸ್ವಂತ ನಿಧಿ ಸ್ಥಾಪಿಸಿದ್ದಲ್ಲಿ ಶೇಕಡ 75ರವರೆಗೆ ನೀಡಲಾಗುತ್ತದೆ. ಮೀನುಗಾರಿಕೆ ಸಲಕರಣೆಗಳ ಮತ್ತು ಮೋಟಾರು ದೋಣಿ ಇಂಧನದ ಮೇಲಿನ ತೆರಿಗೆ ಇದರ ಮೂಲ.

ಧಾಮದ ಒಂದು ಭಾಗವು ವೆಲ್ಸ್ ಎಂಬ ಊರಿನಲ್ಲಿದೆ. ಅಲ್ಲಿ ಜೌಗಿನ ಅಂಚಿನಲ್ಲಿ ಸುಮಾರು ಒಂದು ಮೈಲಿ ಉದ್ದದ ಕಾಲುದಾರಿಯನ್ನು ಸಂದರ್ಶಕರಿಗಾಗಿ ನಿರ್ಮಿಸಲಾಗಿದ್ದು, ಅದಕ್ಕೂ ಕಾರ್ಸನ್ ಅವರ ಹೆಸರನ್ನೇ ಇಡಲಾಗಿದೆ. ಈ ಜೌಗಿನ ಹುಲ್ಲಿನ ನಡುವೆ, ಉಬ್ಬರದ ಮಟ್ಟಕ್ಕಿಂತ ಕೆಲವೇ ಅಂಗುಲ ಮೇಲೆ ಗೂಡು ಕಟ್ಟುವ ಒಂದು ಬಗೆಯ ಗುಬ್ಬಚ್ಚಿಯಿದೆ. ಸಮುದ್ರದ ಮಟ್ಟ ಏರುತ್ತಿರುವುದರಿಂದ ಅದರ ಗೂಡುಗಳು ಮರಿಗಳು ಹಾರುವ ಮೊದಲೇ ಮುಳುಗುತ್ತಿವೆ.