ಏಣಿ ಹತ್ತಿ ಅರಳಿಸಿದ ಹೂವು

ಮಕ್ಕಳೇ, ಐದೇ ದಳದ ದಾಸವಾಳವನ್ನೂ ಬಹುದಳದ ದಾಸವಾಳವನ್ನೂ ನೀವು ನೋಡಿದ್ದೀರಲ್ಲವೆ? ಎರಡನೆಯದರಲ್ಲಿ ಕೇಸರಗಳೇ ದಳಗಳಾಗಿರುತ್ತವೆ. ಲೈಲ್ಯಾಕ್ ಎಂಬ ಗಿಡದಲ್ಲಿ ಇಂತಹ ಅಂದದ ಬಹುದಳದ ಹೂಗಳನ್ನು ತಂದವರು ಫ್ರಾನ್ಸಿನ ವಿಕ್ಟರ್ ಲೆಮ್ವಾನ್.

ಲೈಲ್ಯಾಕ್ ಚಳಿ ಪ್ರದೇಶದ ಪೊದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ. ವಸಂತ ಬಂತೆಂದರೆ ನೇರಳೆ, ಬಿಳಿ ಬಣ್ಣದ ಘಮಘಮಿಸುವ ಗೊಂಚಲುಗಳು!

1823ರಲ್ಲಿ ಹುಟ್ಟಿದ ಲೆಮ್ವಾನ್ ನಾನ್ಸಿ ನಗರದಲ್ಲಿ ನರ್ಸರಿ ನಡೆಸುತ್ತಿದ್ದರು. 1870ರಲ್ಲಿ ಯುದ್ಧ ಬಂದು ನಗರ ಜರ್ಮನ್ ಸೈನ್ಯದ ವಶವಾಯಿತು. ಆ ಕಷ್ಟದ ದಿನಗಳಲ್ಲೇ ಅವರು ಈ ಕೆಲಸಕ್ಕೆ ಕೈಹಾಕಿದರು. ಅವರ ಬಳಿ ಬಹುದಳದ ಹಳೆಯ ಲೈಲ್ಯಾಕ್ ಒಂದಿತ್ತು. ಹೂ ಪುಟ್ಟದು, ನೋಡಲು ಅಷ್ಟಕ್ಕಷ್ಟೆ. ಅದರಲ್ಲಿ ಕೇಸರವಿಲ್ಲ, ಹಾಗಾಗಿ ಪರಾಗವೂ ಇಲ್ಲ. ಆದರೆ ಬೀಜ ಕಟ್ಟುವ ಭಾಗವಾದ ಶಲಾಕೆ ದಳಗಳ ನಡುವೆ ಅಡಗಿತ್ತು. ಬೇರೆ ಗಿಡದ ಪರಾಗವನ್ನು ಅಲ್ಲಿಗೆ ಮುಟ್ಟಿಸಬೇಕು. ಲೆಮ್ವಾನರಿಗೋ ದೃಷ್ಟಿ ಮಂದ. ಆಗ ಏಣಿ ಹತ್ತಿದವರು ಪತ್ನಿ ಮರೀ ಲೂಯಿಸ್. ಒಂದೊಂದೇ ಹೂವಿನ ದಳ ಸರಿಸಿ, ಚೀನಾದಿಂದ ಬಂದಿದ್ದ ಇನ್ನೊಂದು ಜಾತಿಯ ಲೈಲ್ಯಾಕ್‌ನ ಪರಾಗವನ್ನೂ ಸವರಿದರು. ಸಿಕ್ಕಿದ್ದು ಬೆರಳೆಣಿಕೆಯ ಬೀಜಗಳು. ಬಿತ್ತಿ ಕಾದರು. 1876ರಲ್ಲಿ ಮೊದಲ ಹೂ ಅರಳಿತು.

ಹೊಸ ಗಿಡವೇನೋ ಬಂತು, ಅದನ್ನು ಹೆಚ್ಚಿಸುವುದು ಹೇಗೆ? ಬೀಜ ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಆದ್ದರಿಂದ ಲೈಲ್ಯಾಕ್‌ಗೆ ಕಸಿ ಕಟ್ಟುತ್ತಾರೆ. ಇಲ್ಲವೇ ಬುಡದ ಕೊಂಬೆಯನ್ನು ಬಗ್ಗಿಸಿ ಮಣ್ಣಲ್ಲಿ ಹೂಳಿ, ಬೇರು ಬಂದ ಮೇಲೆ ಕತ್ತರಿಸಿ ನೆಡುತ್ತಾರೆ. ನಮ್ಮಲ್ಲಿ ಮಾವಿಗೆ ಕಸಿ ಕಟ್ಟುವುದೂ ಇದೇ ಕಾರಣಕ್ಕೆ.

ಲೆಮ್ವಾನ್ 1911ರಲ್ಲಿ ತೀರಿಕೊಂಡರು. ಮಗ, ಮೊಮ್ಮಗ ಕೆಲಸ ಮುಂದುವರಿಸಿದರು. ಮೂರು ತಲೆಮಾರಿನಲ್ಲಿ 200ಕ್ಕೂ ಹೆಚ್ಚು ಲೈಲ್ಯಾಕ್ ತಳಿಗಳು ಬಂದವು. ನರ್ಸರಿ 1955ರಲ್ಲಿ ಮುಚ್ಚಿತು. ಅವರ ಅನೇಕ ತಳಿಗಳನ್ನು ಚಳಿ ದೇಶಗಳ ತೋಟಗಳಲ್ಲಿ ಈಗಲೂ ಬೆಳೆಸುತ್ತಾರೆ.