ಅಬುಲ್‌ಹಸನ್ ಸಬಾ

ಅಬುಲ್‌ಹಸನ್ ಸಬಾ (1902–1957) ಇರಾನ್ ದೇಶದ ಪ್ರಸಿದ್ಧ ಸಂಗೀತಗಾರರು, ವಾಗ್ಗೇಯಕಾರರು ಮತ್ತು ಸಂಗೀತ ಶಿಕ್ಷಕರು. ಸೆತಾರ್, ಸಂತೂರ್, ಕಮಾಂಚೆ, ತೊಂಬಕ್, ನೈ ಮೊದಲಾದ ಪರ್ಷಿಯನ್ ವಾದ್ಯಗಳನ್ನು ಆಯಾ ವಾದ್ಯದ ಹಿರಿಯ ಗುರುಗಳಿಂದಲೇ ಕಲಿತವರು. ಪಿಟೀಲುವಾದಕರೆಂದು ಹೆಚ್ಚಿನ ಹೆಸರು ಪಡೆದರು. ಉತ್ತರ ಇರಾನಿನ ಗೀಲಾನ್ ಪ್ರಾಂತದಲ್ಲಿ ಸಂಚರಿಸಿ ಅಲ್ಲಿನ ಹಳ್ಳಿಗಳ ಧಾಟಿಗಳನ್ನು ಸಂಗ್ರಹಿಸಿ, ಸ್ವರಲಿಪಿಯಲ್ಲಿ ಬರೆದಿಟ್ಟು, ಶಾಸ್ತ್ರೀಯ ಸಂಗೀತದೊಳಗೆ ಅವುಗಳಿಗೆ ಸ್ಥಾನ ಕಲ್ಪಿಸಿದ್ದು ಅವರ ಮುಖ್ಯ ಕೊಡುಗೆಗಳಲ್ಲಿ ಒಂದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಇರಾನಿನ ಅನೇಕ ಪ್ರಮುಖ ವಾದಕರು ಅವರ ಶಿಷ್ಯರಾಗಿದ್ದರು.

ಮನೆತನ ಮತ್ತು ಬಾಲ್ಯ

ಸಬಾ ಅವರು 1902ರಲ್ಲಿ ಟೆಹರಾನ್ ನಗರದಲ್ಲಿ ಜನಿಸಿದರು. ಕಾಜಾರ್ ಅರಸ ಫತ್ ಅಲಿ ಷಾನ ಆಸ್ಥಾನದಲ್ಲಿ ಕವಿರಾಜನಾಗಿದ್ದ ಫತ್ ಅಲಿ ಖಾನ್ ಸಬಾ ಅವರ ಪೂರ್ವಿಕ. ಕಾವ್ಯ, ಚಿತ್ರಕಲೆ ಮತ್ತು ಸಂಗೀತ ಈ ಮನೆತನದಲ್ಲಿ ತಲೆಮಾರುಗಳಿಂದ ಬಂದಿದ್ದವು. ತಂದೆ ಅಬುಲ್‌ಕಾಸಿಂ ಖಾನ್ ವೃತ್ತಿಯಿಂದ ವೈದ್ಯರು, ಸಂಗೀತದಲ್ಲಿ ಒಲವುಳ್ಳವರು. ಮಗನಿಗೆ ಸೆತಾರ್ ವಾದನದ ಮೊದಲ ಪಾಠಗಳನ್ನು ಹೇಳಿಕೊಟ್ಟವರು ಅವರೇ. ಸಬಾ ಅವರು ಟೆಹರಾನಿನ ಅಮೆರಿಕನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು.

ಗುರುಗಳು ಮತ್ತು ವಾದ್ಯಗಳು

ಆ ಕಾಲದಲ್ಲಿ ಪರ್ಷಿಯನ್ ಶಾಸ್ತ್ರೀಯ ಸಂಗೀತವು ಬಹುಮಟ್ಟಿಗೆ ಗುರುಮುಖದಿಂದಲೇ ಕಲಿಯುವ ವಿದ್ಯೆಯಾಗಿತ್ತು. ಈ ಸಂಗೀತದ ಮೂಲ ಸಂಚಯಕ್ಕೆ ರದೀಫ್ ಎಂದು ಹೆಸರು. ಏಳು ದಸ್ತ್‌ಗಾಹ್‌ಗಳು ಹಾಗೂ ಅವುಗಳಿಂದ ಕವಲೊಡೆದ ಐದು ಆವಾಜ್‌ಗಳಲ್ಲಿ ಹಂಚಿಕೊಂಡಿರುವ ಗೂಶೆ ಎಂಬ ನೂರಾರು ಚಿಕ್ಕ ಧಾಟಿಗಳನ್ನು ಶಿಷ್ಯನು ಗುರುವಿನ ಎದುರು ಕುಳಿತು ಕಂಠಪಾಠ ಮಾಡಬೇಕಿತ್ತು. ಗುರು ಕಾಲವಾದರೆ, ಶಿಷ್ಯರಿಗೆ ತಲುಪದೆ ಉಳಿದದ್ದು ಅವನೊಂದಿಗೇ ಹೋಗುತ್ತಿತ್ತು.

ಸಬಾ ಅವರು ರದೀಫ್ ಪರಂಪರೆಯ ಮೇರು ವ್ಯಕ್ತಿ ಮಿರ್ಜಾ ಅಬ್ದುಲ್ಲಾ ಮತ್ತು ಅವರ ಶಿಷ್ಯ ದರ್ವೀಶ್ ಖಾನ್ ಅವರಲ್ಲಿ ಸೆತಾರ್ ಕಲಿತರು. ಸೆತಾರ್ ಎಂದರೆ ಮೂರು ತಂತಿ ಎಂದು ಅರ್ಥ. ನಾಲ್ಕನೆಯ ತಂತಿ ನಂತರದ ಸೇರ್ಪಡೆ. ಹೆಸರಿನಲ್ಲಿ ಹೋಲಿಕೆಯಿದ್ದರೂ ಇದು ಭಾರತದ ಸಿತಾರ್ ಅಲ್ಲ. ಹಿಪ್ಪುನೇರಳೆ ಮರದ ಪುಟ್ಟ ಬುರುಡೆಯುಳ್ಳ ಈ ವಾದ್ಯವನ್ನು ತೋರುಬೆರಳಿನ ಉಗುರಿನಿಂದ ಮೀಟುತ್ತಾರೆ. ದನಿ ಮೆಲುವಾದುದರಿಂದ ಇದು ಸಭೆಗಿಂತ ಏಕಾಂತಕ್ಕೆ ಒಗ್ಗುವ ವಾದ್ಯ.

ಮೊಣಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಕಮಾನಿನಿಂದ ನುಡಿಸುವ ಕಮಾಂಚೆಯನ್ನು ಹುಸೇನ್ ಖಾನ್ ಇಸ್ಮಾಯಿಲ್‌ಜಾದೆ ಅವರಿಂದಲೂ, ಸಂತೂರನ್ನು ಅಲಿ ಅಕ್ಬರ್ ಶಾಹಿ ಅವರಿಂದಲೂ, ತೊಂಬಕ್ ಎಂಬ ಚರ್ಮವಾದ್ಯವನ್ನು ಹಾಜಿ ಖಾನ್ ಅವರಿಂದಲೂ, ಜೊಂಡಿನ ಕೊಳಲಾದ ನೈಯನ್ನು ಅಕ್ಬರ್ ಖಾನ್ ಅವರಿಂದಲೂ, ಪಿಟೀಲನ್ನು ಹುಸೇನ್ ಹಂಗ್‌ಆಫರೀನ್ ಅವರಿಂದಲೂ ಅಭ್ಯಾಸ ಮಾಡಿದರು. ಹೀಗೆ ಬೇರೆಬೇರೆ ಮನೆಗಳಲ್ಲಿ ಉಳಿದುಬಂದಿದ್ದ ವಿದ್ಯೆಗಳು ಒಬ್ಬ ವ್ಯಕ್ತಿಯಲ್ಲಿ ಕೂಡಿಕೊಂಡವು.

ವಜೀರಿಯವರ ಸಂಗೀತಶಾಲೆ

ಯೂರೋಪಿನಲ್ಲಿ ಸಂಗೀತಾಭ್ಯಾಸ ಮುಗಿಸಿ 1923ರಲ್ಲಿ ತಾಯ್ನಾಡಿಗೆ ಮರಳಿದ ಅಲಿನಕೀ ವಜೀರಿ ಅವರು ಟೆಹರಾನಿನಲ್ಲಿ ಒಂದು ಸಂಗೀತಶಾಲೆಯನ್ನು ತೆರೆದರು. ಸಬಾ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಪರ್ಷಿಯನ್ ಸಂಗೀತದಲ್ಲಿ ಪಾಶ್ಚಾತ್ಯರ ಅರ್ಧಸ್ವರಕ್ಕಿಂತಲೂ ಸೂಕ್ಷ್ಮವಾದ ಅಂತರಗಳು ಬರುತ್ತವೆ. ಅವುಗಳನ್ನು ಗುರುತಿಸಲು ವಜೀರಿಯವರು ಕೊರೊನ್ ಮತ್ತು ಸೊರಿ ಎಂಬ ಎರಡು ಚಿಹ್ನೆಗಳನ್ನು ರೂಪಿಸಿದ್ದರು. ಇವುಗಳ ನೆರವಿನಿಂದ ಪಾಶ್ಚಾತ್ಯ ಸ್ವರಲಿಪಿಯಲ್ಲಿಯೇ ಪರ್ಷಿಯನ್ ಧಾಟಿಗಳನ್ನು ಬರೆಯುವುದು ಸಾಧ್ಯವಾಯಿತು. ಹಳೆಯ ಗುರುಗಳಿಂದ ಕೇಳಿ ಕಲಿತದ್ದನ್ನು ಬರೆದಿಡುವ ಸಾಧನ ಸಬಾ ಅವರಿಗೆ ದೊರೆತದ್ದು ಇಲ್ಲಿ.

ಗೀಲಾನ್ ವಾಸ ಮತ್ತು ಜಾನಪದ ಧಾಟಿಗಳು

1927ರ ಸುಮಾರಿಗೆ ವಜೀರಿಯವರು ಸಬಾ ಅವರನ್ನು ಗೀಲಾನ್ ಪ್ರಾಂತದ ಮುಖ್ಯ ಪಟ್ಟಣವಾದ ರಶ್ತ್‌ಗೆ ಕಳುಹಿಸಿದರು. ಅಲ್ಲೊಂದು ಸಂಗೀತಶಾಲೆಯನ್ನು ಸ್ಥಾಪಿಸುವುದು ಅವರಿಗೆ ವಹಿಸಿದ್ದ ಕೆಲಸ. ಗೀಲಾನ್ ಕ್ಯಾಸ್ಪಿಯನ್ ಸಮುದ್ರಕ್ಕೂ ಅಲ್ಬೊರ್ಜ್ ಪರ್ವತಶ್ರೇಣಿಗೂ ನಡುವೆ ಇರುವ ಪ್ರದೇಶ. ಒಣಹವೆಯ ಟೆಹರಾನಿಗೆ ತೀರ ವಿರುದ್ಧವಾಗಿ ಇಲ್ಲಿ ಮಳೆ ಹೆಚ್ಚು. ಭತ್ತದ ಗದ್ದೆಗಳು, ದಟ್ಟವಾದ ಕಾಡು. ಜನರ ಆಡುಮಾತು ಗೀಲಕಿ. ಕುರಿಗಾಹಿಗಳಿಗೂ ಗದ್ದೆಯಲ್ಲಿ ದುಡಿಯುವವರಿಗೂ ತಮ್ಮತಮ್ಮ ಹಾಡುಗಳಿದ್ದವು.

ಸುಮಾರು ಎರಡು ವರ್ಷ ಅಲ್ಲಿ ನೆಲೆಸಿದ್ದ ಸಬಾ, ಶಾಲೆಯ ಕೆಲಸದ ಜೊತೆಗೆ ಹಳ್ಳಿಗಳಿಗೂ ಬೆಟ್ಟದ ಊರುಗಳಿಗೂ ಹೋಗಿ ಅಲ್ಲಿನ ಜನರ ಧಾಟಿಗಳನ್ನು ಕೇಳಿ ಬರೆದುಕೊಂಡರು. ರಾಜಧಾನಿಯ ವಿದ್ವಾಂಸರು ಹಳ್ಳಿಯ ಸಂಗೀತಕ್ಕೆ ಹೆಚ್ಚಿನ ಬೆಲೆ ಕೊಡದಿದ್ದ ದಿನಗಳವು. ಹೀಗೆ ದೊರೆತವುಗಳಲ್ಲಿ ದೇಲಮಾನ್ ಎಂಬುದು ಬಹು ಪ್ರಸಿದ್ಧ. ದೇಲಮಾನ್ ಗೀಲಾನಿನ ಒಂದು ಬೆಟ್ಟಸೀಮೆಯ ಹೆಸರು. ದಶ್ತಿ ಎಂಬ ಆವಾಜ್‌ನಲ್ಲಿ ಬರುವ, ವಿಷಾದ ಭಾವದ ಈ ಧಾಟಿ ಮುಂದೆ ಶಾಸ್ತ್ರೀಯ ಗಾಯಕರ ಕಚೇರಿಗಳಲ್ಲಿ ನೆಲೆಯೂರಿತು. ಗೀಲಕಿ ಭಾಷೆಯಲ್ಲಿ ಹಳದಿ ಗುಬ್ಬಿ ಎಂದು ಅರ್ಥ ಬರುವ ಜರ್ದೆ ಮಲೀಜೆ, ಕಾಸೆಮಾಬಾದಿನ ಕುಣಿತದ ಗತ್ತು, ಕೂಹಿಸ್ತಾನಿ ಎಂಬ ಬೆಟ್ಟದ ಧಾಟಿ ಇವೂ ಅವರ ಮೂಲಕ ಪ್ರಚಾರಕ್ಕೆ ಬಂದವು. ಪಿಟೀಲಿಗೆ ಅಳವಡಿಸಿದ ಜರ್ದೆ ಮಲೀಜೆಯನ್ನು ಇರಾನಿನ ಪಿಟೀಲು ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ.

ಸಂತೂರ್ ಪರಂಪರೆಯ ಉಳಿವು

ಇರಾನಿನ ಸಂತೂರ್ ನಮ್ಮ ಕಾಶ್ಮೀರದ ಸಂತೂರ್ ವಾದ್ಯದ ಬಂಧು. ಪ್ರಚಲಿತ ಮಾದರಿಯಲ್ಲಿ ಎರಡು ಸಾಲುಗಳಲ್ಲಿ ಒಟ್ಟು 18 ಕುದುರೆಗಳಿದ್ದು, ಒಂದೊಂದರ ಮೇಲೆ ನಾಲ್ಕರಂತೆ 72 ತಂತಿಗಳು ಹಾದುಹೋಗುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದರು. ಅವರಲ್ಲಿ ಶ್ರೇಷ್ಠರಾದ ಹಬೀಬ್ ಸಮಾಯಿ 1946ರಲ್ಲಿ ಕಾಲವಾದರು. ಅವರ ಶಿಷ್ಯರ ಸಂಖ್ಯೆ ತೀರ ಕಡಿಮೆ. ಹಬೀಬ್ ಅವರ ವಾದನಕ್ರಮವನ್ನು ಅರಿತಿದ್ದ ಸಬಾ ಆ ವಿದ್ಯೆಯನ್ನು ಮುಂದಿನವರಿಗೆ ದಾಟಿಸಿದರು. ಅವರ ಬಳಿ ತಮ್ಮ 17ನೆಯ ವಯಸ್ಸಿನಲ್ಲಿ ಕಲಿಯಲು ಬಂದ ಫರಾಮರ್ಜ್ ಪಾಯ್ವರ್ (1933–2009) ಮುಂದೆ ದೇಶದ ಅಗ್ರಗಣ್ಯ ಸಂತೂರ್ ವಾದಕರಾದರು. ಇಂದು ಸಂತೂರ್ ಇರಾನಿನಲ್ಲಿ ಅತ್ಯಂತ ಜನಪ್ರಿಯ ವಾದ್ಯಗಳಲ್ಲಿ ಒಂದಾಗಿದೆ.

ಬೋಧನೆ ಮತ್ತು ಕೃತಿಗಳು

ರಶ್ತ್‌ನಿಂದ ಮರಳಿದ ಬಳಿಕ ಸಬಾ ಟೆಹರಾನಿನ ತಮ್ಮ ಮನೆಯಲ್ಲಿಯೇ ಪಾಠ ಹೇಳತೊಡಗಿದರು. 1940ರಲ್ಲಿ ಆರಂಭವಾದ ರೇಡಿಯೋ ಟೆಹರಾನ್‌ನಲ್ಲಿ ಅವರ ವಾದನ ಪ್ರಸಾರವಾಗುತ್ತಿತ್ತು. ರೂಹುಲ್ಲಾ ಖಾಲಿಕಿ ಅವರು 1949ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಗೀತಶಾಲೆಯಲ್ಲಿಯೂ ಅವರು ಬೋಧಿಸಿದರು. ಪಿಟೀಲು, ಸಂತೂರ್ ಮತ್ತು ಸೆತಾರ್ ವಾದನಕ್ಕೆ ಅವರು ಬರೆದ ಪಾಠಪುಸ್ತಕಗಳಲ್ಲಿ ರದೀಫ್‌ನ ಗೂಶೆಗಳ ಜೊತೆಗೆ ಗೀಲಾನಿನ ಧಾಟಿಗಳೂ ಸೇರಿವೆ.

ಪಿಟೀಲುವಾದಕರಾದ ಅಲಿ ತಜ್ವೀದಿ, ಹಬೀಬುಲ್ಲಾ ಬದೀಯಿ, ಹುಮಾಯೂನ್ ಖುರ್ರಮ್ ಅವರ ಶಿಷ್ಯರು. ಅವರ ಪ್ರೋತ್ಸಾಹ ಪಡೆದ ಹುಸೇನ್ ತೆಹ್ರಾನಿ, ಅದುವರೆಗೆ ಪಕ್ಕವಾದ್ಯವಷ್ಟೇ ಆಗಿದ್ದ ತೊಂಬಕ್‌ಗೆ ತನಿವಾದನದ ಗೌರವ ತಂದುಕೊಟ್ಟರು. ಮತ್ತೊಬ್ಬ ಶಿಷ್ಯ ದಾರ್ಯೂಶ್ ಸಫ್ವತ್, ಇರಾನಿ ಸಂಗೀತದ ಸಂರಕ್ಷಣೆ ಮತ್ತು ಪ್ರಸಾರ ಕೇಂದ್ರವನ್ನು 1968ರಲ್ಲಿ ಸ್ಥಾಪಿಸಿದರು.

ವಿಮರ್ಶೆ

ಸಬಾ ಅವರ ಸಾಧನೆಯ ಕುರಿತು ಭಿನ್ನಾಭಿಪ್ರಾಯಗಳೂ ಇವೆ. ಸ್ವರಲಿಪಿಯಲ್ಲಿ ಬರೆದಾಗ, ವಾದಕನ ಮನೋಧರ್ಮಕ್ಕೆ ತಕ್ಕಂತೆ ಬದಲಾಗುತ್ತಿದ್ದ ಧಾಟಿಗೆ ಒಂದೇ ರೂಪ ಸ್ಥಿರವಾಗಿಬಿಡುತ್ತದೆ ಎಂಬುದು ಒಂದು ಆಕ್ಷೇಪ. ಪಿಟೀಲಿನ ಪ್ರಾಬಲ್ಯದಿಂದ ಕಮಾಂಚೆ ಮೂಲೆಗುಂಪಾಯಿತೆಂಬುದು ಇನ್ನೊಂದು. ಅಲಿ ಅಸ್ಗರ್ ಬಹಾರಿ ಮೊದಲಾದವರ ಪ್ರಯತ್ನದಿಂದ ಕಮಾಂಚೆ ಮತ್ತೆ ಚೇತರಿಸಿಕೊಳ್ಳಬೇಕಾಯಿತು. ಆದರೆ ಬರೆದಿಡದೆ ಹೋಗಿದ್ದರೆ ಗೀಲಾನಿನ ಎಷ್ಟೋ ಧಾಟಿಗಳು ಆ ಸೀಮೆಯ ಹೊರಗೆ ತಿಳಿಯುತ್ತಲೇ ಇರಲಿಲ್ಲ. ಪಿಟೀಲಿನಲ್ಲಿಯೂ ಅವರು ಕಮಾಂಚೆಯ ಪರಂಪರೆಯಿಂದ ಬಂದ ನುಡಿಗಟ್ಟನ್ನು ಉಳಿಸಿಕೊಂಡಿದ್ದರು.

ನಿಧನ ಮತ್ತು ಸ್ಮಾರಕ

ಸಬಾ ಅವರ ಪತ್ನಿ ಮುಂತಖಬ್ ಇಸ್ಫಂದಿಯಾರಿ, ಆಧುನಿಕ ಪಾರಸಿ ಕಾವ್ಯದ ಪ್ರವರ್ತಕ ನೀಮಾ ಯೂಶಿಜ್ ಅವರ ಸಂಬಂಧಿ. ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳು. 1957ರ ಡಿಸೆಂಬರ್ 19ರಂದು, 55ನೆಯ ವಯಸ್ಸಿನಲ್ಲಿ ಸಬಾ ಟೆಹರಾನಿನಲ್ಲಿ ನಿಧನರಾದರು. ನಗರದ ಉತ್ತರಕ್ಕಿರುವ ಜಹೀರುದ್ದೌಲಾ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಬಹಾರಿಸ್ತಾನ್ ಚೌಕದ ಸಮೀಪ, ಜಹೀರುಲ್ ಇಸ್ಲಾಂ ಬೀದಿಯಲ್ಲಿರುವ ಅವರ ಮನೆಯನ್ನು 1974ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಅವರ ವಾದ್ಯಗಳನ್ನೂ ಭಾವಚಿತ್ರಗಳನ್ನೂ ಅಲ್ಲಿ ಕಾಣಬಹುದು. ಬಹಾರಿಸ್ತಾನ್ ಚೌಕದ ಸುತ್ತಮುತ್ತಲಿನ ಬೀದಿಗಳು ವಾದ್ಯಗಳ ಅಂಗಡಿಗಳಿಗೆ ಹೆಸರಾಗಿವೆ. ಒಂದು ಕಾಲಕ್ಕೆ ನುಡಿಸುವವರೇ ವಿರಳವಾಗಿದ್ದ ಸಂತೂರ್ ಇಂದು ಅಲ್ಲಿ ಮಾರಾಟಕ್ಕೆ ದೊರೆಯುವ ಸಾಮಾನ್ಯ ವಾದ್ಯಗಳಲ್ಲೊಂದು.